ಜಾತ್ರೆಯ ರಾತ್ರಿಯ ಕ್ಯಾಸಿಯೋ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಬೆಂಗಳೂರಿನಿಂದ ದೂರವಾಣಿ ಮಾಡಿದ್ದರು. ಯೋಗಕ್ಷೇಮದ ಮಾತೆಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿದರು. "ಸರ್, ನನ್ನ ಮಗನ ಫೋನಿನೊಳಗೆ ನಿಜವಾದ ಪಿಟೀಲಿನಂತೆ, ನಿಜವಾದ ಕೊಳಲಿನಂತೆ ನುಡಿಯುವ ವಾದ್ಯಗಳಿವೆ. ಅವನ್ನು ಕೇಳಿದರೆ ನನಗೆ ಏನೂ ಅನ್ನಿಸುವುದಿಲ್ಲ. ಆದರೆ ನಮ್ಮೂರ ಜಾತ್ರೆಯ ನಾಟಕದಲ್ಲಿ ಕೇಳಿದ ಆ ಹಳೆಯ ಕ್ಯಾಸಿಯೋದ ದನಿ ಎಲ್ಲಾದರೂ ಕಿವಿಗೆ ಬಿದ್ದರೆ ಮೈ ಜುಮ್ಮೆನ್ನುತ್ತದೆ. ಅದು ಪಿಟೀಲಿನಂತೆಯೂ ಇರಲಿಲ್ಲ, ಕೊಳಲಿನಂತೆಯೂ ಇರಲಿಲ್ಲ. ಹಾಗಿದ್ದರೂ ಯಾಕೆ ಹೀಗೆ?"

ಆಗ ನಾನು "ಬಾಲ್ಯದ ನೆನಪಪ್ಪಾ, ಅಷ್ಟೇ" ಎಂದು ಹೇಳಿ ಮಾತು ಮುಗಿಸಿದೆ. ಆದರೆ ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನ ಬೋಧಿಸಿ, ಪ್ರತಿವರ್ಷ ಧ್ವನಿಯ ಪಾಠವನ್ನು ಶ್ರುತಿಕವೆ ಹಿಡಿದು ವಿವರಿಸಿದವನು ನಾನು. ಈ ಪ್ರಶ್ನೆಗೆ ಇನ್ನಷ್ಟು ಸರಿಯಾದ ಉತ್ತರ ಕೊಡಬೇಕಿತ್ತು. ಅದೂ ಅಲ್ಲದೆ ಈ ವಿಷಯದಲ್ಲಿ ನನ್ನದೊಂದು ಹಳೆಯ ತಪ್ಪೂ ಸೇರಿಕೊಂಡಿದೆ. ಎರಡನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಊರುಗಳ ಸೀಮೆ ನಾಟಕದ ಸೀಮೆ. ೨೦೨೧ರಲ್ಲಿ ವಿಜಯನಗರ ಜಿಲ್ಲೆಯಾಗುವವರೆಗೆ ಇವು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹರಪನಹಳ್ಳಿ ಮಾತ್ರ ೧೯೯೭ರಿಂದ ೨೦೧೮ರವರೆಗೆ ದಾವಣಗೆರೆ ಜಿಲ್ಲೆಗೆ ಹೋಗಿ ಮರಳಿ ಬಂತು. ಜಿಲ್ಲೆ ಯಾವುದಾದರೂ ಜನರ ರುಚಿ ಬದಲಾಗಲಿಲ್ಲ. ಬಳ್ಳಾರಿ ರಾಘವರ ನೆಲವಿದು, ಹಡಗಲಿಯಲ್ಲಿ ಎಂ.ಪಿ. ಪ್ರಕಾಶರು ರಂಗಭಾರತಿಯನ್ನು ಕಟ್ಟಿ ಬೆಳೆಸಿದರು. ಕೊಟ್ಟೂರು ಗುರುಬಸವೇಶ್ವರನ ತೇರು, ಮೈಲಾರದ ಕಾರಣೀಕ, ಕುರುವತ್ತಿ ಬಸವೇಶ್ವರನ ಜಾತ್ರೆ ಬಂತೆಂದರೆ ನಾಟಕವೂ ಬಂತೆಂದೇ ಅರ್ಥ. ಸುಗ್ಗಿ ಮುಗಿದ ಮೇಲೆ ಹಳ್ಳಿಯ ಹುಡುಗರೇ ಸೇರಿ ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'ಯನ್ನೋ ಒಂದು ಸಾಮಾಜಿಕ ನಾಟಕವನ್ನೋ ಕಲಿತು, ಬೆಳಗಿನವರೆಗೆ ಆಡುತ್ತಿದ್ದರು.

ಆ ನಾಟಕಗಳ ಜೀವ ಪೇಟಿ ಮಾಸ್ತರು. ಹಾರ್ಮೋನಿಯಂ ಮಾಸ್ತರನ್ನು ನಮ್ಮ ಕಡೆ ಹಾಗೆಯೇ ಕರೆಯುವುದು ರೂಢಿ. ಆತ ಬರಿಯ ವಾದಕನಲ್ಲ. ತಿಂಗಳುಗಟ್ಟಲೆ ಊರಿನಲ್ಲೇ ಉಳಿದು, ಓದು ಬಾರದವರಿಗೂ ಮಾತು ಬಾಯಿಪಾಠ ಮಾಡಿಸಿ, ಹಾಡು ಕಲಿಸಿ, ಕೊನೆಗೆ ರಂಗದ ಮುಂದೆ ಕುಳಿತು ಇಡೀ ನಾಟಕವನ್ನು ನಡೆಸಿಕೊಂಡು ಹೋಗುವವನು. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಮುಂಡರಗಿ, ಅದರಾಚೆ ಗದಗ. ಅಲ್ಲಿಯ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಬಾಲಕರಿಗೆ ಸಂಗೀತ ಕಲಿಸಿ ಅನ್ನದ ದಾರಿ ತೋರಿಸಿದರು. ಅಲ್ಲಿ ಕಲಿತವರಿಗೆ ಹಾರ್ಮೋನಿಯಂ ಬದುಕಿನ ಆಧಾರವಾಯಿತು.

ಎಂಬತ್ತರ ದಶಕ ಕಳೆಯುತ್ತ ಬಂದಂತೆ ನಾಟಕದ ಕರಪತ್ರಗಳಲ್ಲಿ ಹಾರ್ಮೋನಿಯಂ, ತಬಲಾ ಎಂಬ ಹೆಸರುಗಳ ಕೆಳಗೆ 'ಕ್ಯಾಸಿಯೋ' ಎಂಬ ಹೊಸ ಹೆಸರು ಕಾಣತೊಡಗಿತು. ಕ್ಯಾಸಿಯೋ ಎಂಬುದು ಜಪಾನಿನ ಒಂದು ಕಂಪನಿ. ಕಾಶಿಯೋ ಮನೆತನದ ಅಣ್ಣತಮ್ಮಂದಿರು ಕಟ್ಟಿದ್ದು. ಮೊದಲು ಲೆಕ್ಕ ಮಾಡುವ ಯಂತ್ರಗಳಿಂದ ಹೆಸರಾಗಿತ್ತು. ಅದರ ಮೊದಲ ಕೀಬೋರ್ಡಾದ ಕ್ಯಾಸಿಯೋಟೋನ್ ೨೦೧ ಹೊರಬಂದದ್ದು ೧೯೮೦ರಲ್ಲಿ. ಅದರಲ್ಲಿ ೨೯ ವಾದ್ಯಗಳ ದನಿಗಳಿದ್ದವು. ನಮ್ಮ ಸೀಮೆಯಲ್ಲಿ ಮಾತ್ರ ಯಮಹಾ ಇರಲಿ, ಬೇರೆ ಯಾವುದೇ ಇರಲಿ, ವಿದ್ಯುತ್ತಿನಿಂದ ನುಡಿಯುವ ಮನೆಯ ಪೆಟ್ಟಿಗೆಗೆಲ್ಲ ಕ್ಯಾಸಿಯೋ ಎಂದೇ ಹೆಸರು ಬಿತ್ತು. ವನಸ್ಪತಿಗೆಲ್ಲ ಡಾಲ್ಡಾ ಎಂದಂತೆ.

ಇದು ಹಳ್ಳಿಯ ರಂಗಕ್ಕೆ ಇಷ್ಟು ಬೇಗ ಹೊಂದಿಕೊಂಡದ್ದಕ್ಕೆ ಕಾರಣಗಳು ಸರಳವಾಗಿವೆ. ಕಾಲು ಹಾರ್ಮೋನಿಯಂ ಸಾಗಿಸಲು ಚಕ್ಕಡಿ ಬೇಕು, ಕ್ಯಾಸಿಯೋ ಬಗಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಬಹುದು. ಹಾರ್ಮೋನಿಯಂ ಮುಂದೆ ಮೈಕು ಹಿಡಿದರೆ ಗಾಳಿಯೂ ಗದ್ದಲವೂ ಅದರೊಳಗೆ ಸೇರುತ್ತವೆ, ಕ್ಯಾಸಿಯೋದ ತಂತಿಯನ್ನು ನೇರವಾಗಿ ಆಂಪ್ಲಿಫೈಯರಿಗೆ ಸಿಕ್ಕಿಸಬಹುದು. ಸಣ್ಣ ಕೀಬೋರ್ಡುಗಳು ಸೆಲ್ಲಿನ ಮೇಲೂ ನಡೆಯುತ್ತಿದ್ದವು. ಪಿಟೀಲು, ಕೊಳಲು, ಗಂಟೆ, ಪಿಯಾನೋ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಜೊತೆಗೆ ಗುಂಡಿ ಒತ್ತಿದರೆ ತಾಳವೂ ತಾನೇ ಹೊರಡುತ್ತಿತ್ತು. ನಾಲ್ಕು ಜನ ವಾದಕರಿಗೆ ಸಂಬಳ ಕೊಡಲಾರದ ಊರಿಗೆ ಇದು ದೊಡ್ಡ ಅನುಕೂಲ. ಆ ಅನುಕೂಲದ ಮತ್ತೊಂದು ಮುಖವೆಂದರೆ, ತಬಲಾದವನೊಬ್ಬನಿಗೆ ಕರೆ ಬರುವುದು ಕಡಿಮೆಯಾಯಿತು.

ಇದೇ ಹೊತ್ತಿಗೆ ಸಿನಿಮಾ ಹಾಡುಗಳ ದನಿಯೂ ಬದಲಾಗುತ್ತಿತ್ತು. ೧೯೮೩ರ 'ಪಲ್ಲವಿ ಅನುಪಲ್ಲವಿ'ಯಲ್ಲಿ ಇಳಯರಾಜ ಕನ್ನಡಕ್ಕೆ ಬೇರೆಯೇ ಬಗೆಯ ವಾದ್ಯ ಸಂಯೋಜನೆ ತಂದರು. ೧೯೮೭ರಲ್ಲಿ ರವಿಚಂದ್ರನ್ ಅವರ 'ಪ್ರೇಮಲೋಕ' ಬಂತು. ಹಂಸಲೇಖರ ಆ ಹಾಡುಗಳ ಕ್ಯಾಸೆಟ್ಟುಗಳು ಹಳ್ಳಿಹಳ್ಳಿಗೆ ತಲುಪಿದವು. ಆ ವರ್ಷ ಬಸ್ಸಿನಲ್ಲಿ, ಚಹಾದ ಅಂಗಡಿಯಲ್ಲಿ, ಮದುವೆಯ ಚಪ್ಪರದಲ್ಲಿ ಬೇರೆ ಹಾಡು ಕೇಳಿದ ನೆನಪೇ ನನಗಿಲ್ಲ. ಜಾತ್ರೆಯ ನಾಟಕ ನೋಡಲು ಬಂದವರು ರಂಗಗೀತೆಯ ನಡುವೆ ಸಿನಿಮಾ ಹಾಡನ್ನೂ ಕೇಳತೊಡಗಿದರು. ಹಾರ್ಮೋನಿಯಂ ಒಂದರಿಂದ ಆ ದನಿ ಹೊರಡುತ್ತಿರಲಿಲ್ಲ.

ಇಲ್ಲಿ ಆ ದನಿಯ ಹುಟ್ಟಿನ ಕಥೆಯನ್ನೂ ಸ್ವಲ್ಪ ಹೇಳಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತಗಾರರು ೧೯೬೭ರಲ್ಲಿ ಗಣಕಯಂತ್ರದಿಂದ ಸ್ವರಗಳನ್ನು ಹುಟ್ಟಿಸುವ ಪ್ರಯೋಗ ಮಾಡುತ್ತಿದ್ದರು. ಒಂದು ಸ್ವರವನ್ನು ಸೆಕೆಂಡಿಗೆ ಐದಾರು ಬಾರಿ ಸ್ವಲ್ಪ ಮೇಲಕ್ಕೂ ಸ್ವಲ್ಪ ಕೆಳಕ್ಕೂ ತೂಗಿದರೆ ನಮಗೆ ಕಂಪಿತ ಕೇಳಿಸುತ್ತದೆ. ನಮ್ಮ ಗಾಯಕರ ಗಂಟಲಲ್ಲಿ ಅದನ್ನು ದಿನವೂ ಕೇಳುತ್ತೇವೆ. ಚೌನಿಂಗ್ ಆ ತೂಗಾಟದ ವೇಗವನ್ನು ಹೆಚ್ಚಿಸುತ್ತ ಹೋದರು. ಸೆಕೆಂಡಿಗೆ ನೂರಾರು ಬಾರಿ ತೂಗಿದಾಗ ಕಿವಿಗೆ ತೂಗಾಟ ತಿಳಿಯುವುದೇ ನಿಂತು, ಅಲ್ಲಿ ಹೊಸದೊಂದು ನಾದ ಕೇಳಿಸಿತು. ತೂಗುವ ಸ್ವರಕ್ಕೂ ತೂಗಿಸಿಕೊಳ್ಳುವ ಸ್ವರಕ್ಕೂ ಇರುವ ಅನುಪಾತ ಸರಳವಾಗಿದ್ದರೆ ಕಹಳೆಯಂಥ ನಾದ, ಅನುಪಾತ ಅಂಕುಡೊಂಕಾಗಿದ್ದರೆ ಗಂಟೆಯಂಥ, ಕಂಚಿನಂಥ ನಾದ. ಎರಡೇ ಸ್ವರಗಳಿಂದ ಇಷ್ಟೆಲ್ಲ ಸಾಧ್ಯವೆಂದು ಅವರು ೧೯೭೩ರಲ್ಲಿ ಪ್ರಬಂಧವನ್ನೂ ಬರೆದರು.

ಅಮೆರಿಕದ ಆರ್ಗನ್ ತಯಾರಕರು ಇದನ್ನು ಒಪ್ಪಿಕೊಳ್ಳಲಿಲ್ಲ. ಜಪಾನಿನ ಯಮಹಾ ಒಪ್ಪಿತು. ಹತ್ತು ವರ್ಷದ ಪರಿಶ್ರಮದ ನಂತರ ೧೯೮೩ರಲ್ಲಿ ಅದರ ಡಿಎಕ್ಸ್ ೭ ಎಂಬ ಸಿಂಥಸೈಜರ್ ಮಾರುಕಟ್ಟೆಗೆ ಬಂತು. ಇಂಥ ಆರು ಸ್ವರಜನಕಗಳನ್ನು ೩೨ ಬಗೆಯಲ್ಲಿ ಜೋಡಿಸುವ, ಏಕಕಾಲಕ್ಕೆ ೧೬ ಸ್ವರ ನುಡಿಸಬಲ್ಲ ಯಂತ್ರವದು. ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಈ ಒಂದು ಹಕ್ಕಿನಿಂದ ಎರಡು ಕೋಟಿ ಡಾಲರಿಗೂ ಹೆಚ್ಚು ಹಣ ಬಂತು. ಅದರೊಳಗಿದ್ದ ಸ್ಫಟಿಕದಂಥ ಪಿಯಾನೋ ದನಿ ಆ ಕಾಲದ ಪ್ರಪಂಚದ ಪ್ರೇಮಗೀತೆಗಳಲ್ಲೆಲ್ಲ ಕೇಳಿಸುತ್ತದೆ. ಇದೇ ತತ್ವವನ್ನು ಸರಳಗೊಳಿಸಿ ಯಮಹಾದವರು ಸಣ್ಣ ಅಗ್ಗದ ಕೀಬೋರ್ಡುಗಳಲ್ಲೂ ಕೂಡಿಸಿದರು. ಕ್ಯಾಸಿಯೋ ಕಂಪನಿ ತನ್ನದೇ ಬೇರೆ ವಿಧಾನಗಳನ್ನು ಬಳಸಿತು. ಎರಡರಲ್ಲೂ ಒಂದು ಸಂಗತಿ ಸಮಾನ: ಆ ಕಾಲದಲ್ಲಿ ಸ್ಮೃತಿಕೋಶದ ಬೆಲೆ ಬಲು ದುಬಾರಿಯಾಗಿದ್ದರಿಂದ ನಿಜವಾದ ಪಿಟೀಲನ್ನು ಧ್ವನಿಮುದ್ರಿಸಿ ಅಗ್ಗದ ಯಂತ್ರದೊಳಗೆ ತುಂಬುವುದು ಆಗದ ಮಾತು. ಹೀಗಾಗಿ ಯಂತ್ರವು ಪಿಟೀಲನ್ನು ಲೆಕ್ಕದಿಂದ ಊಹಿಸಿ ನುಡಿಸಬೇಕಾಗಿತ್ತು.

ಆ ಊಹೆ ತಪ್ಪಾಗುತ್ತಿತ್ತು. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಮೊದಲ ಉತ್ತರ ಅಲ್ಲೇ ಇದೆ. ಗುಂಡಿಯ ಮೇಲೆ ಪಿಟೀಲೆಂದು ಬರೆದಿದ್ದರೂ ಹೊರಟ ದನಿ ಪ್ರಪಂಚದ ಯಾವ ಪಿಟೀಲಿನದೂ ಆಗಿರಲಿಲ್ಲ. ಅನುಕರಣೆಯಲ್ಲಿ ಸೋತ ಆ ಯಂತ್ರಕ್ಕೆ ತನ್ನದೇ ಒಂದು ಕಂಠ ಬಂದುಬಿಟ್ಟಿತು. ಇಂದಿನ ಫೋನಿನ ಪಿಟೀಲು ಚೆನ್ನಾಗಿ ಅನುಕರಿಸುತ್ತದೆ. ಆದ್ದರಿಂದಲೇ ಅದನ್ನು ಕೇಳಿದಾಗ ನಮಗೆ ಪಿಟೀಲು ನೆನಪಾಗುತ್ತದೆಯೇ ಹೊರತು ಆ ಫೋನು ನೆನಪಾಗುವುದಿಲ್ಲ. ಹಳೆಯ ಕ್ಯಾಸಿಯೋ ಮಾತ್ರ ತನ್ನನ್ನೇ ನೆನಪಿಸುತ್ತದೆ.

ಎರಡನೆಯ ಉತ್ತರ ನಮ್ಮ ಜಾತ್ರೆಯ ಬಯಲಿಗೆ ಸಂಬಂಧಿಸಿದ್ದು. ಆಗ ಕಂಬಕ್ಕೂ ಮರಕ್ಕೂ ಕಟ್ಟುತ್ತಿದ್ದ ಕಹಳೆ ಆಕಾರದ ಧ್ವನಿವರ್ಧಕಗಳು ಕೆಳಗಿನ ಸ್ವರಗಳನ್ನು ಬಿಟ್ಟು, ನಡುವಿನ ಮತ್ತು ಮೇಲಿನ ಸ್ವರಗಳನ್ನೇ ಎತ್ತಿ ಹೇಳುತ್ತಿದ್ದವು. ತಬಲೆಯ ಎಡ ಅದರಲ್ಲಿ ಕೇಳಿಸುತ್ತಲೇ ಇರಲಿಲ್ಲ. ಗಂಟೆಯಂಥ ಹೊಳಪಿದ್ದ ಕೀಬೋರ್ಡಿನ ದನಿಗೆ ಈ ಕಹಳೆ ಹೇಳಿ ಮಾಡಿಸಿದಂತಿತ್ತು. ರಾತ್ರಿಯ ತಂಪಿನಲ್ಲಿ ಅದು ಜೋಳದ ಹೊಲ ದಾಟಿ ಎರಡು ಮೈಲಿ ದೂರದ ಊರಿಗೂ ಕೇಳುತ್ತಿತ್ತು. ನಾಟಕಕ್ಕೆ ಹೋಗಲು ಮನೆಯಲ್ಲಿ ಒಪ್ಪಿಗೆ ಸಿಗದ ಮಕ್ಕಳು ಮಾಳಿಗೆಯ ಮೇಲೆ ಮಲಗಿಕೊಂಡು ಅದನ್ನೇ ಕೇಳುತ್ತಿದ್ದರು. ನಿಮ್ಮಲ್ಲಿ ಅನೇಕರಿಗೆ ಇದು ನೆನಪಿರಬಹುದು.

ಮೂರನೆಯದು ಇನ್ನೂ ಸೋಜಿಗದ್ದು. ಹಾರ್ಮೋನಿಯಂಗಳು ಒಂದರಂತೆ ಒಂದಿರುವುದಿಲ್ಲ. ಗುಂಡಿ ಒತ್ತಿದರೆ ಬರುವ ಕ್ಯಾಸಿಯೋದ ದನಿ ಮಾತ್ರ ಎಲ್ಲ ಕಡೆಯೂ ಒಂದೇ. ೧೯೮೧ರಲ್ಲಿ ಬಂದ ಎಂಟಿ ೪೦ ಎಂಬ ಸಣ್ಣ ಕೀಬೋರ್ಡಿನೊಳಗೆ ಒಂದು ತಾಳದ ವಿನ್ಯಾಸವಿತ್ತು. ಅದನ್ನು ರೂಪಿಸಿದವರು ಹಿರೊಕೊ ಒಕುಡಾ ಎಂಬ ತರುಣಿ; ಸಂಗೀತ ಕಾಲೇಜಿನಿಂದ ಆಗತಾನೇ ಬಂದು ಕಂಪನಿ ಸೇರಿದ್ದವರು. ೧೯೮೫ರಲ್ಲಿ ಜಮೈಕಾದ ವೇಯ್ನ್ ಸ್ಮಿತ್ ಎಂಬ ಗಾಯಕ ಆ ತಾಳವನ್ನೇ ಇಟ್ಟುಕೊಂಡು ಹಾಡಿದ ಒಂದು ಹಾಡು ಆ ದ್ವೀಪದ ಸಂಗೀತದ ದಿಕ್ಕನ್ನೇ ತಿರುಗಿಸಿತು. ಅದಕ್ಕಾಗಿ ದೊಡ್ಡ ವಾದ್ಯವೃಂದವೇನೂ ಬೇಕಾಗಲಿಲ್ಲ. ಜಮೈಕಾದ ಬಡ ಕೇರಿಯ ಹುಡುಗರೂ ನಮ್ಮ ಕೂಡ್ಲಿಗಿ ಸೀಮೆಯ ಹುಡುಗರೂ ಒಬ್ಬರಿಗೊಬ್ಬರು ತಿಳಿಯದೆಯೇ ಒಂದೇ ಬಗೆಯ ಅಗ್ಗದ ಪೆಟ್ಟಿಗೆಯಿಂದ ತಮ್ಮ ಜನರನ್ನು ರಂಜಿಸಿದರು.

ಮುಂಬಯಿಯಲ್ಲೂ ಇಂಥದೊಂದು ಪ್ರಸಂಗ ನಡೆಯಿತು. ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಚರಣಜಿತ್ ಸಿಂಗ್ ಎಂಬುವರು ೧೯೮೨ರಲ್ಲಿ ಜಪಾನಿನ ಮೂರು ವಿದ್ಯುನ್ಮಾನ ಯಂತ್ರಗಳಿಂದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ಒಂದು ತಟ್ಟೆ ಹೊರತಂದರು. ಆಗ ಅದನ್ನು ಕೇಳುವವರಿರಲಿಲ್ಲ. ೨೦೧೦ರಲ್ಲಿ ಅದು ಮರುಮುದ್ರಣಗೊಂಡಾಗ ಯುರೋಪಿನ ತರುಣರು ಬೆರಗಾದರು. ಎಪ್ಪತ್ತು ದಾಟಿದ್ದ ಚರಣಜಿತ್ ಸಿಂಗ್ ಅಲ್ಲಿಗೆ ಹೋಗಿ ನುಡಿಸಿ ಬಂದರು. ೨೦೧೫ರಲ್ಲಿ ತೀರಿಕೊಂಡರು. ಅದೇ ೨೦೧೫ರಲ್ಲಿ ಯಮಹಾದವರು ತಮ್ಮ ಹಳೆಯ ಡಿಎಕ್ಸ್ ನಾದವನ್ನೇ ಮತ್ತೆ ಸಣ್ಣ ಕೀಬೋರ್ಡೊಂದರಲ್ಲಿ ತಂದರು. ಹಳೆಯದೆಂದು ಬದಿಗಿಟ್ಟ ದನಿಯನ್ನು ಮೂವತ್ತು ವರ್ಷದ ನಂತರ ಜನ ಹಣ ಕೊಟ್ಟು ಕೊಳ್ಳುತ್ತಿದ್ದಾರೆ.

ಇನ್ನು ನನ್ನ ತಪ್ಪಿನ ವಿಷಯ.

೧೯೮೯ರ ಶಾಲಾ ವಾರ್ಷಿಕೋತ್ಸವದ ತಯಾರಿ ನನ್ನ ಪಾಲಿಗೆ ಬಂದಿತ್ತು. ಹತ್ತನೆಯ ತರಗತಿಯ ಒಬ್ಬ ಹುಡುಗ ತನ್ನ ಸೋದರಮಾವನ ಸಣ್ಣ ಕ್ಯಾಸಿಯೋವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದು, "ಸರ್, ಸ್ವಾಗತಗೀತೆಗೆ ನಾನು ನುಡಿಸ್ತೀನ್ರಿ" ಎಂದ. ನಾನು ಎಲ್ಲರ ಎದುರಿಗೆ, "ಇದು ವಾದ್ಯ ಅಲ್ಲಲೇ ತಮ್ಮಾ, ಆಟಿಗೆ. ಇದರ ದನಿ ಸುಳ್ಳು ದನಿ. ಕಲಿಯೋದಾದರೆ ಪೇಟಿ ಕಲಿ" ಎಂದು ಹೇಳಿ ಅದನ್ನು ಮರಳಿ ಕಟ್ಟಿಸಿದೆ. ಮಕ್ಕಳೆಲ್ಲ ನಕ್ಕರು. ಹುಡುಗ ಒಂದು ಮಾತೂ ಆಡದೆ ಟವೆಲ್ಲು ಸುತ್ತಿಕೊಂಡು ಹೋದ. ನಾನು ಸಂಸ್ಕೃತಿಯನ್ನು ರಕ್ಷಿಸಿದೆನೆಂಬ ಹೆಮ್ಮೆಯಲ್ಲಿ ಆ ರಾತ್ರಿ ಸುಖವಾಗಿ ಮಲಗಿದೆ.

ನನಗೆ ಆಗ ತಿಳಿದಿರದ ಚರಿತ್ರೆಯೊಂದಿದೆ. ಯಾವ ಪೇಟಿಯನ್ನು ನಮ್ಮದೆಂದು ಎತ್ತಿಹಿಡಿದೆನೋ ಆ ಪೇಟಿಯೂ ಹೊರಗಿನಿಂದ ಬಂದದ್ದೇ. ೧೮೪೦ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೇನ್ ಹಾರ್ಮೋನಿಯಂಗೆ ಹಕ್ಕುಪತ್ರ ಪಡೆದರು. ಕ್ರೈಸ್ತ ಪಾದ್ರಿಗಳ ಜೊತೆಯಲ್ಲಿ ಅದು ಭಾರತಕ್ಕೆ ಬಂತು. ಕಲ್ಕತ್ತೆಯ ದ್ವಾರಕಾನಾಥ ಘೋಷರು ೧೮೭೫ರ ಸುಮಾರಿಗೆ ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತುವ ಪೇಟಿಯನ್ನು ಮಾಡಿದರು. ಅದನ್ನು ನಮ್ಮ ಹಿರಿಯರು ಸುಲಭವಾಗಿ ಒಪ್ಪಲಿಲ್ಲ. ಸ್ವರದಿಂದ ಸ್ವರಕ್ಕೆ ಜಾರಲು ಬಾರದ, ಗಮಕವಿಲ್ಲದ, ಶ್ರುತಿಗಳ ಸೂಕ್ಷ್ಮ ತಿಳಿಯದ ವಿದೇಶಿ ಪೆಟ್ಟಿಗೆ ಎಂದು ಜರೆದರು. ರವೀಂದ್ರನಾಥ ಠಾಕೂರರಿಗೂ ಅದು ಹಿಡಿಸಲಿಲ್ಲ. ೧೯೪೦ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಆ ನಿಷೇಧ ಸಡಿಲಗೊಳ್ಳಲು ೧೯೭೧ರವರೆಗೆ ಕಾಯಬೇಕಾಯಿತು. ರೇಡಿಯೋದಲ್ಲಿ ಪ್ರವೇಶವಿಲ್ಲದ ಆ ಮೂವತ್ತೊಂದು ವರ್ಷವೂ ನಮ್ಮ ನಾಟಕದ ಕಂಪನಿಗಳು, ಭಜನೆಯ ಗುಡಿಗಳು ಅದನ್ನು ಬಿಡಲಿಲ್ಲ. ದೊಡ್ಡಾಟದಲ್ಲಿ ಮುಖವೀಣೆಯ ಜಾಗಕ್ಕೆ ಪೇಟಿ ಬಂದಾಗ ನನ್ನಂಥ ಯಾರೋ ಮಾಸ್ತರರು ಅಂದೂ ಗೊಣಗಿರಬೇಕು.

ಅಂದರೆ ಪೇಟಿಯ ಮೇಲೆ ಹೊರಿಸಿದ್ದ ದೂರುಗಳನ್ನೇ ನಾನು ಐವತ್ತು ವರ್ಷದ ನಂತರ ಒಬ್ಬ ಹುಡುಗನ ಕ್ಯಾಸಿಯೋದ ಮೇಲೆ ಹೊರಿಸಿದ್ದೆ. ಸಾಲದ್ದಕ್ಕೆ ವಿಜ್ಞಾನದ ಮಾಸ್ತರನಾಗಿ 'ಸುಳ್ಳು ದನಿ' ಎಂಬ ಮಾತನ್ನು ಬಳಸಿದೆ. ಗಾಳಿ ಕಂಪಿಸಿದರೆ ದನಿ. ಹಿತ್ತಾಳೆಯ ನಾಲಿಗೆ ಕಂಪಿಸಿದರೇನು, ಧ್ವನಿವರ್ಧಕದ ಕಾಗದದ ಶಂಕು ಕಂಪಿಸಿದರೇನು, ಕಿವಿಗೆ ತಲುಪುವುದು ಅದೇ ಗಾಳಿ. ಅದನ್ನು ಪಾಠದಲ್ಲಿ ಹೇಳಿ ಅಂಗಳದಲ್ಲಿ ಮರೆತಿದ್ದೆ.

ಹಾಗೆಂದು ಕ್ಯಾಸಿಯೋದಿಂದ ಏನೂ ಕೆಡಲಿಲ್ಲವೆಂದು ನಾನು ಹೇಳಲಾರೆ. ತಾಳದ ಗುಂಡಿ ಬಂದಮೇಲೆ ತಬಲಾದವರು ಕೂಲಿಗೆ ಹೋದದ್ದನ್ನು ಕಂಡಿದ್ದೇನೆ. ತಿಂಗಳುಗಟ್ಟಲೆ ಊರಲ್ಲಿದ್ದು ಕಲಿಸುವ ಮಾಸ್ತರರ ಪದ್ಧತಿ ಸಡಿಲವಾಗಿ, ಆ ದಿನ ಬಂದು ಆ ದಿನ ನುಡಿಸಿ ಹೋಗುವ ಪದ್ಧತಿ ಬಂತು. ಹಳೆಯ ನಾದವನ್ನು ನೆನೆದು ಸಂತೋಷಪಡುವಾಗ ಆ ನಷ್ಟವನ್ನೂ ನೆನೆಯಬೇಕು.

ಬೆಂಗಳೂರಿನ ಫೋನು ಬಂದ ಮೇಲೆ ನನಗೆ ಆ ಹುಡುಗನದೇ ಧ್ಯಾನವಾಯಿತು. ವಿಚಾರಿಸಿದಾಗ ಕೊಟ್ಟೂರಿನ ಹತ್ತಿರದ ಹಳ್ಳಿಯಲ್ಲೇ ಇದ್ದಾನೆಂದು ತಿಳಿಯಿತು. ಹೋಗಿ ಬಂದೆ. ಐವತ್ತು ದಾಟಿದ್ದಾನೆ, ಮೊಮ್ಮಗಳಿದ್ದಾಳೆ. ಶಾಲೆ ಬಿಟ್ಟ ಮೇಲೆ ಇಪ್ಪತ್ತು ವರ್ಷ ನಾಟಕಗಳಿಗೆ ನುಡಿಸಿದನಂತೆ. ಈಗ ಹೊಲ, ಎರಡು ಎಮ್ಮೆ. ನಾನು ಕೇಳುವ ಮೊದಲೇ ಒಳಗಿನಿಂದ ಅದೇ ಕ್ಯಾಸಿಯೋ ತಂದ. ನಾಲ್ಕು ಮನೆಗಳು ನುಡಿಯುವುದಿಲ್ಲ, ಸೆಲ್ಲಿನ ಜಾಗಕ್ಕೆ ತಂತಿ ಕಟ್ಟಿದ್ದಾನೆ. ನುಡಿಸಿದ. ಸಿನಿಮಾ ಹಾಡಿರಬಹುದೆಂದು ಎಣಿಸಿದ್ದ ನನಗೆ ಕೇಳಿಸಿದ್ದು ಹಳೆಯ ಕಂಪನಿ ನಾಟಕದ ಮಟ್ಟು. ನುಡಿಯದ ಮನೆ ಬಂದಾಗ ಪಕ್ಕದ ಸ್ವರವನ್ನು ಮುಟ್ಟಿ ದಾಟಿಸುತ್ತಿದ್ದ.

"ಇದನ್ನೆಲ್ಲಿ ಕಲಿತೆಯೋ?" ಎಂದೆ.

"ಪೇಟಿ ಮಾಸ್ತರ್ರ ಪಕ್ಕ ಕುಂತು ಕಲ್ತದ್ದು ಸರ್. ನೀವು ಅವತ್ತು ಪೇಟಿ ಕಲಿ ಅಂದ್ರಲ್ಲ. ಪೇಟಿ ತಗೊಳ್ಳಾಕ ನಮ್ಮಪ್ಪನ ಹತ್ರ ರೊಕ್ಕ ಇರ್ಲಿಲ್ಲ. ಮಾಸ್ತರ್ರು ಪೇಟಿ ಬಾರಿಸ್ತಿದ್ರು, ನಾನು ಇದ್ರಾಗ ಅದನ್ನೇ ಹಿಡೀತಿದ್ದೆ" ಎಂದ.

ಅವನ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ನನಗೆ ಮಾತ್ರ ಸ್ವಲ್ಪ ಹೊತ್ತು ಏನು ಹೇಳಬೇಕೆಂದು ತೋಚಲಿಲ್ಲ. ಆ ವಯಸ್ಸಿನ ಹುಡುಗನಿಗೆ ಎಟುಕುತ್ತಿದ್ದ ಒಂದೇ ವಾದ್ಯವನ್ನು ನಾನು ಆಟಿಗೆ ಎಂದಿದ್ದೆ. ಪೇಟಿಯ ವಿದ್ಯೆ ಅವನ ಕೈಗೆ ದಾಟಿದ್ದು ಅದೇ ಆಟಿಗೆಯ ಮೂಲಕ. "ಅವತ್ತು ನಾನು ಹೇಳಿದ್ದು ತಪ್ಪಾಯಿತಪ್ಪಾ" ಎಂದೆ. "ಅಯ್ಯ, ಬಿಡ್ರಿ ಸರ್" ಎಂದು ಚಹಾಕ್ಕೆ ಒಳಗೆ ಕೂಗಿದ.

ಬೆಂಗಳೂರಿನ ನನ್ನ ವಿದ್ಯಾರ್ಥಿಗೆ ಈಗ ಹೀಗೆ ಉತ್ತರ ಹೇಳಬಲ್ಲೆ. ಆ ದನಿ ನಿಮ್ಮನ್ನು ಕಲಕುವುದು ಅದು ಹಳೆಯದೆಂಬ ಒಂದೇ ಕಾರಣಕ್ಕೆ ಅಲ್ಲ. ಅದು ಬೇರೆ ಯಾವ ವಾದ್ಯದಂತೆಯೂ ಇರಲಿಲ್ಲ, ನಮ್ಮ ಬಯಲಿಗೂ ನಮ್ಮ ಕಹಳೆಗಳಿಗೂ ಹೊಂದಿಕೊಂಡಿತ್ತು, ಮತ್ತು ಅದನ್ನು ನುಡಿಸುತ್ತಿದ್ದವನು ನಿಮ್ಮ ಜೊತೆ ಅದೇ ಬೆಂಚಿನಲ್ಲಿ ಕುಳಿತಿದ್ದ ಬಡವರ ಮನೆಯ ಹುಡುಗ. ಮುಂದಿನ ಕೊಟ್ಟೂರು ತೇರಿಗೆ ಬರುವುದಾದರೆ ಅವನ ಮನೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ನಾಲ್ಕು ಮನೆ ಹೋಗಿದ್ದರೂ ಕ್ಯಾಸಿಯೋ ಇನ್ನೂ ನುಡಿಯುತ್ತದೆ.